ಅರ್ಬುದದ ದರ್ಜೆ ಮತ್ತು ಅಡಿಕೆಯ ನಾಡು

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳು ಪಶ್ಚಿಮಘಟ್ಟದ ಬುಡದಲ್ಲಿ ಒಂದಕ್ಕೊಂದು ತಾಗಿಕೊಂಡಿರುವ ಭೂಭಾಗ. ಕುಮಾರಧಾರೆ, ಪಯಸ್ವಿನಿ ನದಿಗಳೂ ಅವುಗಳನ್ನು ಬಂದು ಸೇರುವ ಲೆಕ್ಕವಿಲ್ಲದ ತೋಡುಗಳೂ ಇಲ್ಲಿಯ ಕಣಿವೆಗಳನ್ನು ತಂಪಾಗಿ ಇರಿಸಿವೆ. ಆ ತಂಪಿನಲ್ಲಿ ಬೆಳೆದು ನಿಂತಿರುವುದು ಅಡಿಕೆ. ಬಹುಕಾಲ ಪುತ್ತೂರು ತಾಲ್ಲೂಕಿಗೆ ಸೇರಿದ್ದ ಕಡಬ ಈಗ ಪ್ರತ್ಯೇಕ ತಾಲ್ಲೂಕಾಗಿದೆ. ಗಡಿ ಬದಲಾದರೂ ತೋಟದ ಬೆಳೆ ಬದಲಾಗಿಲ್ಲ. ಘಟ್ಟದ ಮೇಲಿನ ನಮ್ಮ ಓದುಗರಲ್ಲಿ ಅನೇಕರು ಕುಕ್ಕೆ ಸುಬ್ರಹ್ಮಣ್ಯದ ದಾರಿಯಲ್ಲಿ ಈ ತೋಟಗಳನ್ನೂ, ಮನೆಯಂಗಳದಲ್ಲಿ ಒಣಗಲು ಹರವಿದ ಅಡಿಕೆಯನ್ನೂ ಕಂಡಿರಬಹುದು.

ಒಣಗಿದ ಅಡಿಕೆಯನ್ನು ಸುಲಿದ ಮೇಲೆ ವಿಂಗಡಿಸುವ ಕೆಲಸವೊಂದಿದೆ. ಹೊಸತು, ಸಿಂಗಲ್ ಚೋಲ್, ಡಬಲ್ ಚೋಲ್, ಪಟೋರ, ಉಳ್ಳಿ, ಕರಿಗೋಟು, ಕೋಕ ಎಂದು ದರ್ಜೆಗಳು. ಹೊರಗೆ ಚೆಲುವಾಗಿ ಕಾಣುವ ಅಡಿಕೆಯ ಒಳಗು ಕೆಟ್ಟಿರಬಹುದು. ಆದುದರಿಂದ ನುರಿತವನು ಕೆಲವನ್ನು ಒಡೆದು ಒಳಗಿನ ಬಣ್ಣವನ್ನೂ ಗೆರೆಯನ್ನೂ ನೋಡಿ ರಾಶಿಯ ಬೆಲೆಯನ್ನು ನಿರ್ಣಯಿಸುತ್ತಾನೆ. ಈ ವಿದ್ಯೆ ಪುಸ್ತಕದಿಂದ ಬರುವಂಥದಲ್ಲ. ಸಾವಿರಾರು ಅಡಿಕೆ ನೋಡಿದ ಕಣ್ಣಿಗೆ ಬರುವಂಥದು. ಇದೇ ಬಗೆಯ ಇನ್ನೊಂದು ವಿಂಗಡಣೆ ಆಸ್ಪತ್ರೆಗಳ ರೋಗಶಾಸ್ತ್ರ ವಿಭಾಗಗಳಲ್ಲಿ ನಡೆಯುತ್ತದೆ. ಮನುಷ್ಯನ ಶರೀರದಿಂದ ತೆಗೆದ ಗೆಡ್ಡೆಯ ಚೂರನ್ನು ತೆಳುವಾಗಿ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಅದು ಸೌಮ್ಯವೋ ಘಾತಕವೋ, ಘಾತಕವಾದರೆ ಎಷ್ಟನೆಯ ದರ್ಜೆಯದು ಎಂದು ತೀರ್ಮಾನಿಸುವುದು. ಈ ಶಾಸ್ತ್ರ ಬೆಳೆದು ಬಂದ ಬಗೆಯನ್ನೂ, ಅಡಿಕೆಯ ನಾಡಿಗೆ ಅದು ಹೇಳಿದ ಕಹಿಯಾದ ಒಂದು ಮಾತನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗೆಡ್ಡೆಗಳನ್ನು ವಿಂಗಡಿಸುವ ಪ್ರಯತ್ನ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಗ್ರಂಥಿ, ಅಪಚಿ, ಅರ್ಬುದಗಳನ್ನು ಬೇರೆಬೇರೆಯಾಗಿ ವರ್ಣಿಸಲಾಗಿದೆ. ಅರ್ಬುದವು ದುಂಡಗೆ, ಅಲುಗದಂತೆ, ನೋವು ಕಡಿಮೆಯಾಗಿ, ಆಳವಾಗಿ ಬೇರೂರಿ, ನಿಧಾನವಾಗಿ ಬೆಳೆಯುವಂಥದು ಮತ್ತು ಕೀವಾಗದಿರುವಂಥದು ಎಂಬುದು ಅಲ್ಲಿಯ ಲಕ್ಷಣ. ಒಂದರ ಮೇಲೆ ಇನ್ನೊಂದು ಹುಟ್ಟಿದರೆ ಅಧ್ಯರ್ಬುದ. ಒಟ್ಟಿಗೆ ಅಥವಾ ಒಂದಾದ ಮೇಲೊಂದರಂತೆ ಎರಡು ಹುಟ್ಟಿದರೆ ದ್ವಿರರ್ಬುದ. ಇವು ಸಾಧ್ಯವಲ್ಲದವು ಎಂದು ಸುಶ್ರುತನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಕಣ್ಣು ಮತ್ತು ಬೆರಳು ಎಂಬ ಎರಡೇ ಸಾಧನಗಳಿಂದ ಇಷ್ಟನ್ನು ಗುರುತಿಸಿದುದು ಸಾಮಾನ್ಯ ಸಾಧನೆಯಲ್ಲ. ಆದರೆ ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಎದೆ ತಟ್ಟಿಕೊಳ್ಳುವುದು ಅವರಿಗೆ ಮಾಡುವ ಗೌರವವಲ್ಲ. ಗೆಡ್ಡೆಯ ಒಳಗೆ ಏನಿದೆ ಎಂಬುದನ್ನು ಕಾಣುವ ಉಪಕರಣ ಅವರ ಕೈಯಲ್ಲಿ ಇರಲಿಲ್ಲ.

ಆ ಉಪಕರಣ ಯೂರೋಪಿನಲ್ಲಿ ಹದಿನೇಳನೆಯ ಶತಮಾನದಲ್ಲಿಯೇ ಬಂದಿತ್ತಾದರೂ ರೋಗವನ್ನರಿಯಲು ಅದು ನಿಜವಾಗಿ ಒದಗಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. 1838ರಲ್ಲಿ ಜರ್ಮನಿಯ ಯೋಹಾನೆಸ್ ಮ್ಯೂಲರ್ ಎಂಬ ಪ್ರಾಧ್ಯಾಪಕರು ಗೆಡ್ಡೆಗಳ ಸೂಕ್ಷ್ಮ ರಚನೆಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿ, ಅರ್ಬುದವೂ ಜೀವಕೋಶಗಳಿಂದಲೇ ಆದುದು ಎಂದು ತೋರಿಸಿಕೊಟ್ಟರು. ಅವರ ಶಿಷ್ಯ ರುಡಾಲ್ಫ್ ವಿರ್ಕೋ 1858ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ, ಪ್ರತಿಯೊಂದು ಜೀವಕೋಶವೂ ಇನ್ನೊಂದು ಜೀವಕೋಶದಿಂದಲೇ ಹುಟ್ಟುತ್ತದೆ, ರೋಗದ ನೆಲೆ ಜೀವಕೋಶದಲ್ಲಿಯೇ ಇದೆ ಎಂಬ ಸಿದ್ಧಾಂತವನ್ನು ಸ್ಥಾಪಿಸಿದರು. ಅದುವರೆಗೆ ಶರೀರದ ರಸಗಳ ಏರುಪೇರಿನಲ್ಲಿ ಅರ್ಬುದದ ಕಾರಣವನ್ನು ಹುಡುಕುತ್ತಿದ್ದ ಪಾಶ್ಚಾತ್ಯ ವೈದ್ಯಕ್ಕೆ ಇದೊಂದು ದೊಡ್ಡ ತಿರುವು. ಅರ್ಬುದ ಹೊರಗಿನಿಂದ ಬಂದು ಕುಳಿತ ಪರಕೀಯ ವಸ್ತುವಲ್ಲ. ಮನೆಯ ಮಗನೇ ಮನೆಯ ಕಟ್ಟಳೆಯನ್ನು ಮೀರಿ ನಿಂತಂತೆ, ನಮ್ಮದೇ ಶರೀರದ ಕೋಶಗಳು ಹದ್ದುಮೀರಿದ ಸ್ಥಿತಿ.

ಈ ಹೊಸ ಶಾಸ್ತ್ರದ ಸಾಮರ್ಥ್ಯವೂ ಮಿತಿಯೂ ಒಟ್ಟಿಗೆ ಬೆಳಕಿಗೆ ಬಂದುದು ಒಬ್ಬ ರಾಜಕುಮಾರನ ಗಂಟಲಿನಲ್ಲಿ. 1887ರ ಆರಂಭದಲ್ಲಿ ಜರ್ಮನಿಯ ಯುವರಾಜ ಫ್ರೆಡರಿಕನ ಧ್ವನಿ ಒಡೆಯಿತು. ಜರ್ಮನ್ ವೈದ್ಯರು ಅರ್ಬುದವೆಂದು ಶಂಕಿಸಿ ಶಸ್ತ್ರಚಿಕಿತ್ಸೆಗೆ ಸಿದ್ಧರಾದರು. ಇಂಗ್ಲೆಂಡಿನಿಂದ ಬಂದ ಮೋರೆಲ್ ಮೆಕೆಂಜಿ ಎಂಬ ತಜ್ಞರು ಮೊದಲು ಸೂಕ್ಷ್ಮದರ್ಶಕ ಪರೀಕ್ಷೆಯಾಗಲಿ ಎಂದು ಹಟ ಹಿಡಿದು, ಗಂಟಲಿನಿಂದ ಚೂರುಗಳನ್ನು ತೆಗೆದು ವಿರ್ಕೋ ಅವರಿಗೇ ಕಳುಹಿಸಿದರು. ತಮಗೆ ಬಂದ ಚೂರಿನಲ್ಲಿ ಅರ್ಬುದದ ಕುರುಹಿಲ್ಲವೆಂದು ವಿರ್ಕೋ ವರದಿ ಕೊಟ್ಟರು. ಶಸ್ತ್ರಚಿಕಿತ್ಸೆ ನಿಂತುಹೋಯಿತು. 1888ರ ಮಾರ್ಚಿನಲ್ಲಿ ಫ್ರೆಡರಿಕನು ಚಕ್ರವರ್ತಿಯಾದನು. ತೊಂಬತ್ತೊಂಬತ್ತು ದಿನ ಮಾತ್ರ ಆಳಿ ಜೂನ್ 15ರಂದು ತೀರಿಕೊಂಡನು. ಮರಣಾನಂತರದ ಪರೀಕ್ಷೆಯಲ್ಲಿ ಕಂಡುಬಂದುದು ಗಂಟಲಿನ ಅರ್ಬುದವೇ. ಈ ಪ್ರಸಂಗದಿಂದ ರೋಗಶಾಸ್ತ್ರಜ್ಞರು ಕಲಿತ ಪಾಠ ಇಂದಿಗೂ ಹಳತಾಗಿಲ್ಲ: ಸೂಕ್ಷ್ಮದರ್ಶಕ ಹೇಳುವುದು ತನ್ನ ಕೆಳಗಿಟ್ಟ ಚೂರಿನ ಸುದ್ದಿಯನ್ನು, ಚೂರು ತಪ್ಪಾದ ಜಾಗದಿಂದ ಬಂದರೆ ಎಂಥ ಪಂಡಿತನೂ ಏನೂ ಮಾಡಲಾರನು. ರಾಶಿಯ ಮೇಲ್ಭಾಗದ ಅಡಿಕೆಯನ್ನಷ್ಟೇ ಒಡೆದು ನೋಡುವ ಖರೀದಿದಾರನ ಪಾಡೂ ಇದೇ ಅಲ್ಲವೆ?

ಚೂರನ್ನು ಪರೀಕ್ಷೆಗೆ ಸಿದ್ಧಗೊಳಿಸುವ ವಿಧಾನವೂ ಆ ಕಾಲದಲ್ಲಿಯೇ ಹಂತಹಂತವಾಗಿ ರೂಪುಗೊಂಡಿತು. ಎಡ್ವಿನ್ ಕ್ಲೆಬ್ಸ್ 1869ರಲ್ಲಿ ಅಂಗಾಂಶವನ್ನು ಪ್ಯಾರಾಫಿನ್ ಮೇಣದಲ್ಲಿ ಹುದುಗಿಸುವ ಕ್ರಮವನ್ನು ವರ್ಣಿಸಿದರು. 1893ರಲ್ಲಿ ಫರ್ಡಿನಾಂಡ್ ಬ್ಲುಮ್ ಅವರು ಫಾರ್ಮಾಲಿನ್ ದ್ರಾವಣವು ಅಂಗಾಂಶವನ್ನು ಕೊಳೆಯದಂತೆ ಗಟ್ಟಿಗೊಳಿಸುತ್ತದೆ ಎಂಬುದನ್ನು ಕಂಡುಕೊಂಡರು. ಪ್ರಯೋಗ ಮಾಡುತ್ತಿದ್ದಾಗ ತಮ್ಮ ಬೆರಳಿನ ಚರ್ಮವೇ ಬಿರುಸಾದುದನ್ನು ನೋಡಿ ಅವರಿಗೆ ಇದು ಹೊಳೆಯಿತಂತೆ. ಇಂದಿಗೂ ಕ್ರಮ ಬಹುಮಟ್ಟಿಗೆ ಅದೇ. ಫಾರ್ಮಾಲಿನ್‌ನಲ್ಲಿ ನೆನೆದ ಚೂರಿನ ನೀರಿನಂಶವನ್ನು ಮದ್ಯಸಾರದಿಂದ ತೆಗೆದು, ಕರಗಿದ ಮೇಣದಲ್ಲಿ ಅದ್ದಿ ಅಚ್ಚು ಮಾಡುತ್ತಾರೆ. ಆ ಅಚ್ಚಿನಿಂದ ಒಂದು ಮಿಲಿಮೀಟರಿನ ಸಾವಿರದಲ್ಲಿ ಮೂರರಿಂದ ಐದು ಭಾಗದಷ್ಟು ತೆಳುವಾದ ಹಾಳೆಗಳನ್ನು ಕೊಯ್ದು ಗಾಜಿನ ಪಟ್ಟಿಯ ಮೇಲೆ ಅಂಟಿಸಿ ಬಣ್ಣ ಹಾಕುತ್ತಾರೆ.

ಬಣ್ಣಗಳ ಕಥೆ ಸ್ವಾರಸ್ಯಕರವಾದುದು. ಹೆಮಟಾಕ್ಸಿಲಿನ್ ಎಂಬುದು ಮಧ್ಯ ಅಮೆರಿಕದ ಒಂದು ಮರದ ಚೇಗಿನಿಂದ ಬರುವ ವಸ್ತು. ಕರಾವಳಿಯ ಮನೆಗಳಲ್ಲಿ ಕುಡಿಯುವ ನೀರಿಗೆ ಹಾಕಿ ಕುದಿಸುವ ಪತಂಗದ ಚಕ್ಕೆ ಇದೆಯಲ್ಲ, ಆ ಮರದ ಕೆಂಪು ಬಣ್ಣಕ್ಕೂ ಇದಕ್ಕೂ ರಾಸಾಯನಿಕವಾಗಿ ಹತ್ತಿರದ ನಂಟು. ಸ್ಪಟಿಕದ ಜೊತೆ ಸೇರಿದಾಗ ಇದು ಜೀವಕೋಶದ ಕೇಂದ್ರವನ್ನು ನೀಲಿಯಾಗಿಸುತ್ತದೆ. ಇಯೋಸಿನ್ ಎಂಬ ಎರಡನೆಯ ಬಣ್ಣ ಕೃತಕವಾದುದು. ಹೆಸರಿನ ಮೂಲ ಗ್ರೀಕರ ಉಷೆ. ಕೇಂದ್ರದ ಸುತ್ತಲಿನ ಭಾಗವನ್ನೂ ನಾರನ್ನೂ ಅದು ಗುಲಾಬಿಯಾಗಿಸುತ್ತದೆ. ಎರಡನ್ನೂ ಒಟ್ಟಿಗೆ ಬಳಸುವ ಕ್ರಮ 1876ರಲ್ಲಿ ಬಂದಿತು. ಅಂದಿನಿಂದ ಲೋಕದ ಎಲ್ಲ ರೋಗಶಾಸ್ತ್ರಜ್ಞರೂ, ಇಂದು ಸುಳ್ಯದಲ್ಲಿ ಕುಳಿತವರೂ, ಅರ್ಬುದವನ್ನು ಮೊದಲು ನೋಡುವುದು ಈ ನೀಲಿ ಗುಲಾಬಿಗಳಲ್ಲಿಯೇ.

ಇನ್ನು ದರ್ಜೆಯ ವಿಚಾರ. ವಿರ್ಕೋ ಅವರ ಸಹಾಯಕರಾಗಿದ್ದ ಡೇವಿಡ್ ಫಾನ್ ಹಾನ್ಸೆಮಾನ್ 1890ರಲ್ಲಿ, ಅರ್ಬುದದ ಕೋಶಗಳ ವಿಭಜನೆ ಅಂಕೆತಪ್ಪಿದ್ದು, ಅವು ತಾವು ಹುಟ್ಟಿದ ಅಂಗಾಂಶದ ಗುಣಗಳನ್ನು ಕಳೆದುಕೊಳ್ಳುತ್ತವೆ ಎಂದು ಪ್ರತಿಪಾದಿಸಿದರು. ಈ ಮಾತನ್ನು ರೋಗಿಯ ಉಪಯೋಗಕ್ಕೆ ತಂದವರು ಅಮೆರಿಕದ ಮೇಯೋ ಚಿಕಿತ್ಸಾಲಯದ ಆಲ್ಬರ್ಟ್ ಬ್ರಾಡರ್ಸ್. 1920ರಲ್ಲಿ ಅವರು ತುಟಿಯ ಅರ್ಬುದದ 537 ರೋಗಿಗಳ ಅಂಗಾಂಶಗಳನ್ನು ಪರಿಶೀಲಿಸಿ ನಾಲ್ಕು ದರ್ಜೆಗಳನ್ನು ಏರ್ಪಡಿಸಿದರು. ಮುಕ್ಕಾಲು ಪಾಲು ಕೋಶಗಳು ಪಕ್ವವಾಗಿದ್ದು ತಮ್ಮ ಕುಲದ ಗುಣವನ್ನು ಉಳಿಸಿಕೊಂಡಿದ್ದರೆ ಒಂದನೆಯ ದರ್ಜೆ. ಅರ್ಧಕ್ಕರ್ಧವಾದರೆ ಎರಡು. ಕಾಲು ಪಾಲಿಗಿಳಿದರೆ ಮೂರು. ಕುಲವೇ ಗುರುತು ಸಿಗದಂತಾದರೆ ನಾಲ್ಕು. ದರ್ಜೆ ಏರಿದಂತೆ ಬದುಕುಳಿದವರ ಸಂಖ್ಯೆ ಇಳಿದುದು ಅವರ ಲೆಕ್ಕದಲ್ಲಿ ಸ್ಪಷ್ಟವಾಗಿ ಕಂಡಿತು.

ಬಾಯಿಯ ಅರ್ಬುದದಲ್ಲಿ ಇದನ್ನು ಹೇಗೆ ಗುರುತಿಸುತ್ತಾರೆಂದರೆ, ಬಾಯಿಯ ಒಳಮೈಯನ್ನು ಹೊದೆದಿರುವ ಪೊರೆಯ ಕೋಶಗಳು ಸಹಜವಾಗಿ ತಳದಲ್ಲಿ ಹುಟ್ಟಿ, ಮೇಲೇರುತ್ತ ಚಪ್ಪಟೆಯಾಗಿ, ಉಗುರಿನಲ್ಲಿರುವಂಥ ಕೆರಟಿನ್ ಎಂಬ ಗಟ್ಟಿ ಪದಾರ್ಥವನ್ನು ತಮ್ಮಲ್ಲಿ ತುಂಬಿಕೊಳ್ಳುತ್ತವೆ. ಅರ್ಬುದವಾಗಿ ಪೊರೆಯ ಕಟ್ಟನ್ನು ಒಡೆದು ಕೆಳಕ್ಕಿಳಿದ ಮೇಲೂ ಕೆಲವು ಕೋಶಗಳು ಈ ಕುಲವೃತ್ತಿಯನ್ನು ಬಿಡುವುದಿಲ್ಲ. ನೆಲೆ ತಪ್ಪಿದ ಜಾಗದಲ್ಲಿ ಈರುಳ್ಳಿಯ ಸುಳಿಯಂತೆ ಸುತ್ತಿಕೊಂಡು ಕೆರಟಿನ್ನಿನ ಗುಂಡುಗಳನ್ನು ಕಟ್ಟುತ್ತವೆ. ರೋಗಶಾಸ್ತ್ರಜ್ಞರು ಅವನ್ನು ಮುತ್ತುಗಳೆಂದು ಕರೆಯುತ್ತಾರೆ. ಮುತ್ತುಗಳು ಧಾರಾಳವಾಗಿದ್ದರೆ ಕೆಳದರ್ಜೆ. ಮುತ್ತುಗಳಿಲ್ಲದೆ, ಕೋಶಕೇಂದ್ರಗಳು ದೊಡ್ಡದಾಗಿ, ಕಪ್ಪಾಗಿ, ಒಂದರಂತೆ ಒಂದಿಲ್ಲದೆ, ವಿಭಜಿಸುತ್ತಿರುವ ಕೋಶಗಳು ಎಲ್ಲೆಲ್ಲಿಯೂ ಕಂಡರೆ ಮೇಲ್ದರ್ಜೆ. ಇಲ್ಲಿ ಮೇಲ್ದರ್ಜೆಯೆಂಬುದು ಹೆಚ್ಚು ಕೇಡಿನದು ಎಂಬುದನ್ನು ಓದುಗರು ಮರೆಯಬಾರದು. ಅಡಿಕೆಯ ಮಂಡಿಯ ಲೆಕ್ಕಕ್ಕೆ ಇದು ತಿರುಗುಮುರುಗು.

ಬೇರೆ ಅಂಗಗಳಿಗೆ ಬೇರೆ ಅಳತೆಗಳು ಬಂದವು. ಸ್ತನದ ಅರ್ಬುದಕ್ಕೆ 1957ರಲ್ಲಿ ಬ್ಲೂಮ್ ಮತ್ತು ರಿಚರ್ಡ್‌ಸನ್ ರೂಪಿಸಿದ ಅಂಕಪದ್ಧತಿಯನ್ನು 1991ರಲ್ಲಿ ನಾಟಿಂಗ್‌ಹ್ಯಾಮಿನ ಎಲ್ಸ್‌ಟನ್ ಮತ್ತು ಎಲ್ಲಿಸ್ ತಿದ್ದಿದರು. ಪ್ರಾಸ್ಟೇಟ್ ಗ್ರಂಥಿಗೆ 1966ರಲ್ಲಿ ಡೊನಾಲ್ಡ್ ಗ್ಲೀಸನ್ ಅವರ ಪದ್ಧತಿ ಬಂದಿತು. ಅವರು ಬಿಡಿ ಕೋಶಗಳನ್ನು ಬದಿಗಿಟ್ಟು ಗ್ರಂಥಿಗಳ ಒಟ್ಟು ವಿನ್ಯಾಸವನ್ನೇ ನೋಡಿದರು. ಇವುಗಳ ವಿವರ ಪ್ರತ್ಯೇಕ ಲೇಖನವನ್ನೇ ಬೇಡುತ್ತದೆ. ಅಡಿಕೆಯ ನಾಡಿಗೆ ಸಂಬಂಧಿಸಿದುದು ಬಾಯಿ, ಅದಕ್ಕೇ ಮರಳೋಣ.

ಪುತ್ತೂರು ಸೀಮೆಯನ್ನೊಳಗೊಂಡ ದಕ್ಷಿಣ ಕನ್ನಡವು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಮದರಾಸಿನ ಆಡಳಿತದಲ್ಲಿದ್ದಿತು. ದಕ್ಷಿಣ ಭಾರತದ ಬಾಯಿಯ ಅರ್ಬುದವನ್ನು ಕುರಿತ ಆಧುನಿಕ ವೈದ್ಯರ ಮೊದಲ ಬರಹಗಳೂ ಮದರಾಸಿನ ಸುತ್ತಲಿನವೇ. 1902ರಲ್ಲಿ ಮದರಾಸಿನ ಸರಕಾರಿ ಆಸ್ಪತ್ರೆಯ ನಿಬ್ಲಾಕ್ ಅವರು ಕೆನ್ನೆಯ ಅರ್ಬುದಕ್ಕೂ ವೀಳ್ಯ ಜಗಿಯುವ ರೂಢಿಗೂ ಇರುವ ನಂಟನ್ನು ಬರೆದರು. 1908ರಲ್ಲಿ ದಕ್ಷಿಣ ತಿರುವಾಂಕೂರಿನ ನೆಯ್ಯೂರಿನ ಮಿಷನ್ ಆಸ್ಪತ್ರೆಯ ಫೆಲ್ಸ್ ಅವರು ತಮ್ಮಲ್ಲಿ ನಡೆದ 209 ಶಸ್ತ್ರಚಿಕಿತ್ಸೆಗಳ ವಿಶ್ಲೇಷಣೆಯನ್ನು ಪ್ರಕಟಿಸಿದರು. ಅದೇ ಆಸ್ಪತ್ರೆಯ ಆರ್ ಎಂಬವರು 1933ರಲ್ಲಿ ಬರೆದ ಪ್ರಬಂಧದಲ್ಲಿ, ತಾಂಬೂಲಕ್ಕೆ ಸೇರಿಸುವ ಹೊಗೆಸೊಪ್ಪಿನ ಕಡೆ ಬೆರಳು ತೋರಿಸಿದರು. ಮುಂಬಯಿಯಲ್ಲಿ 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾದಾಗ ಅಲ್ಲಿಯ ಪ್ರಯೋಗಾಲಯಗಳ ಹೊಣೆ ಹೊತ್ತ ವಿ. ಆರ್. ಖಾನೋಲ್ಕರ್ ಅವರನ್ನು ಭಾರತೀಯ ರೋಗಶಾಸ್ತ್ರದ ಪಿತಾಮಹರೆಂದು ಕರೆಯುವುದುಂಟು. ಬಾಯಿಯ ಅರ್ಬುದದ ಸಾವಿರ ರೋಗಿಗಳನ್ನು ಪರಿಶೀಲಿಸಿ ಅವರು 1944ರಲ್ಲಿ ಬರೆದ ಪ್ರಬಂಧ ಈ ದೇಶದ ಅರ್ಬುದ ಚರಿತ್ರೆಯಲ್ಲಿ ಒಂದು ಮೈಲಿಗಲ್ಲು.

ಇಲ್ಲಿ ಒಂದು ಪ್ರಶ್ನೆಯನ್ನು ನಿಷ್ಠುರವಾಗಿ ಕೇಳಿಕೊಳ್ಳಬೇಕು. ತಾಂಬೂಲದಲ್ಲಿ ಎಲೆಯಿದೆ, ಸುಣ್ಣವಿದೆ, ಅಡಿಕೆಯಿದೆ, ಹಲವರಿಗೆ ಹೊಗೆಸೊಪ್ಪೂ ಇದೆ. ಇವುಗಳಲ್ಲಿ ಅಪರಾಧಿ ಯಾರು? ಗಾಜಿನ ಪಟ್ಟಿಯ ಮೇಲಿನ ಅರ್ಬುದವನ್ನು ಎಷ್ಟು ಹೊತ್ತು ನೋಡಿದರೂ ಉತ್ತರ ದೊರೆಯದು. ಹೊಗೆಸೊಪ್ಪಿನಿಂದಾದ ಅರ್ಬುದವೂ ಅಡಿಕೆಯಿಂದಾದ ಅರ್ಬುದವೂ ಸೂಕ್ಷ್ಮದರ್ಶಕಕ್ಕೆ ಒಂದೇ. ದರ್ಜೆಯೆಂಬುದು ಕೋಶದ ನಡತೆಯನ್ನು ಹೇಳುತ್ತದೆ. ಅದು ಕೆಟ್ಟ ಕಾರಣವನ್ನು ಹೇಳುವುದಿಲ್ಲ. ಆದುದರಿಂದಲೇ ಅಡಿಕೆಯ ನಾಡಿನವರು ಬಹುಕಾಲ, ದೋಷವೆಲ್ಲ ಹೊಗೆಸೊಪ್ಪಿನದು, ಅಡಿಕೆ ಪವಿತ್ರವಾದ ಫಲ ಎಂದು ವಾದಿಸಿದಾಗ ಆ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ಆ ವಾದದ ಹಿಂದೆ ಹಟವೊಂದೇ ಇರಲಿಲ್ಲ. ಊಟದ ಮೇಲೆ ಬಾಯಿಯಲ್ಲಿ ಇರಿಸಿಕೊಳ್ಳಬೇಕಾದ ಪರಿಮಳ ದ್ರವ್ಯಗಳ ಸಾಲಿನಲ್ಲಿ ಚರಕನೂ ಪೂಗವನ್ನು ಹೇಳಿದ್ದಾನೆ. ಪೂಜೆಯ ಉಪಚಾರಗಳಲ್ಲಿ ತಾಂಬೂಲವಿದೆ. ಕರಾವಳಿಯ ಮನೆಗಳಲ್ಲಿ ಬಂದವರಿಗೆ ನೀರು ಬೆಲ್ಲ ಕೊಟ್ಟ ಬಳಿಕ ವೀಳ್ಯದ ಹರಿವಾಣ ಮುಂದಿಡದಿದ್ದರೆ ಮರ್ಯಾದೆ ಪೂರ್ತಿಯಾಗದು. ತುಳುವರ ಬಚ್ಚಿರೆ ಬಜ್ಜೆಯಿ ಇಲ್ಲದೆ ಮದುವೆಯೂ ಇಲ್ಲ, ಬೊಜ್ಜವೂ ಇಲ್ಲ.

ಪ್ರಶ್ನೆಗೆ ಉತ್ತರ ದೊರೆತುದು ಅರ್ಬುದದಲ್ಲಿ ಅಲ್ಲ, ಅದರ ಹಿಂದಿನ ಮೆಟ್ಟಿಲಿನಲ್ಲಿ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಆಫ್ರಿಕದ ಕೀನ್ಯದಲ್ಲಿ ನೆಲೆಸಿದ್ದ ಐವರು ಭಾರತೀಯ ಸ್ತ್ರೀಯರ ಬಾಯಿಯಲ್ಲಿ ಒಂದು ವಿಚಿತ್ರ ಬಿಗಿತವನ್ನು ಕಂಡರು. ಮರುವರ್ಷ ಮುಂಬಯಿಯ ಕಿವಿ ಮೂಗು ಗಂಟಲು ತಜ್ಞ ಎಸ್. ಜಿ. ಜೋಶಿ ಅವರು ಅದೇ ಕಾಯಿಲೆಯನ್ನು ವರ್ಣಿಸಿ, ಪೊರೆಯ ಕೆಳಗೆ ನಾರು ಕಟ್ಟುವ ರೋಗವೆಂಬ ಅರ್ಥದ ಹೆಸರಿಟ್ಟರು. ಖಾರ ತಿಂದರೆ ಬಾಯಿ ಉರಿಯುವುದು, ಕೆನ್ನೆಯ ಒಳಭಾಗ ಅಮೃತಶಿಲೆಯಂತೆ ಬಿಳಿಚಿಕೊಳ್ಳುವುದು, ಬರಬರುತ್ತ ಬಾಯಿ ತೆರೆಯಲಾಗದೆ ಎರಡು ಬೆರಳೂ ಹೋಗದಂತಾಗುವುದು: ಇವು ಅದರ ಲಕ್ಷಣಗಳು. ಡೆನ್ಮಾರ್ಕಿನ ರೋಗಶಾಸ್ತ್ರಜ್ಞ ಯೆನ್ಸ್ ಪಿಂಡ್‌ಬೋರ್ಗ್ ಮತ್ತು ಮುಂಬಯಿಯ ಸತ್ಯವತಿ ಸಿರ್ಸಾಟ್ ಅವರು 1966ರಲ್ಲಿ ಇದರ ಸೂಕ್ಷ್ಮ ರಚನೆಯನ್ನು ಹಂತಹಂತವಾಗಿ ವಿವರಿಸಿದರು. ಮೊದಲು ಪೊರೆಯ ಕೆಳಗಿನ ನಾರು ಊದಿಕೊಳ್ಳುತ್ತದೆ, ಬಳಿಕ ಒತ್ತೊತ್ತಾಗಿ ಗಾಜಿನಂತೆ ಹೊಳಪಾಗುತ್ತದೆ, ರಕ್ತನಾಳಗಳು ಇರುಕಾಗುತ್ತವೆ, ಮೇಲಿನ ಪೊರೆ ಸೊರಗಿ ತೆಳುವಾಗುತ್ತದೆ. ಆ ತೆಳುವಾದ ಪೊರೆಯಲ್ಲಿಯೇ ಕೆಲವೊಮ್ಮೆ ಕೋಶಗಳ ಅಸ್ತವ್ಯಸ್ತತೆ ಕಾಣಿಸಿಕೊಳ್ಳುತ್ತದೆ.

ಆ ದಶಕದಲ್ಲಿ ಲಖನೌ, ಮುಂಬಯಿ, ಬೆಂಗಳೂರು, ತಿರುವನಂತಪುರಗಳಲ್ಲಿ ತಲಾ ಹತ್ತು ಸಾವಿರ ಜನರ ಬಾಯಿಗಳನ್ನು ಪರೀಕ್ಷಿಸಲಾಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಫಾಲಿ ಮೆಹ್ತಾ ಮತ್ತು ಸಂಗಡಿಗರು ಐದು ಜಿಲ್ಲೆಗಳ 50,915 ಹಳ್ಳಿಗರನ್ನು ಮನೆಮನೆಗೆ ಹೋಗಿ ನೋಡಿದರು. ಅಂಥ ಸಮೀಕ್ಷೆಗಳಿಂದ ಮತ್ತು ಮುಂದಿನ ಅಧ್ಯಯನಗಳಿಂದ ತಿಳಿದುಬಂದುದೇನೆಂದರೆ, ಹೊಗೆಸೊಪ್ಪನ್ನು ಮಾತ್ರ ಬಳಸುವವರಲ್ಲಿ ಈ ಬಿಗಿತ ಕಾಣುವುದಿಲ್ಲ. ಅಡಿಕೆ ಜಗಿಯುವವರಲ್ಲಿ, ಹೊಗೆಸೊಪ್ಪನ್ನು ಎಂದೂ ಮುಟ್ಟದವರಲ್ಲಿಯೂ, ಕಾಣುತ್ತದೆ. ಅಡಿಕೆಯ ಅರೆಕೊಲಿನ್ ಎಂಬ ಸಾರವು ನಾರು ನೇಯುವ ಕೋಶಗಳನ್ನು ಕೆರಳಿಸುತ್ತದೆ. ಅಡಿಕೆಯಲ್ಲಿ ಹೆಚ್ಚಾಗಿರುವ ತಾಮ್ರದ ಅಂಶವು ನೇಯ್ದ ನಾರು ಸಡಿಲವಾಗದಂತೆ ಹೆಣೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ರೋಗಿಗಳನ್ನು ಹದಿನೇಳು ವರ್ಷ ಹಿಂಬಾಲಿಸಿ ನೋಡಿದಾಗ ಐವರಲ್ಲಿ, ಎಂದರೆ ನೂರಕ್ಕೆ 7.6ರಷ್ಟು ಜನರಲ್ಲಿ, ಅರ್ಬುದ ಹುಟ್ಟಿದುದು 1985ರಲ್ಲಿ ಪ್ರಕಟವಾಯಿತು. ಅರ್ಬುದದ ಪಟ್ಟಿಯಲ್ಲಿ ಕಾಣದ ಅಡಿಕೆಯ ಕೈ ಈ ನಾರಿನ ಪಟ್ಟಿಯಲ್ಲಿ ಕಂಡಿತು. ಜಗಿಯುವ ಜನರನ್ನು ಎಣಿಸಿದ ಲೆಕ್ಕವೂ ಪೊರೆಯ ಕೆಳಗಣ ನಾರನ್ನು ನೋಡಿದ ಕಣ್ಣೂ ಕೂಡಿಕೊಂಡಾಗ ಮಾತ್ರ ಈ ಸತ್ಯ ತೆರೆದುಕೊಂಡಿತೆಂಬುದನ್ನು ಗಮನಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗ ಅವಸರ ಮಾಡಲಿಲ್ಲ. 1985ರಲ್ಲಿ ಅದು ಹೊಗೆಸೊಪ್ಪು ಸೇರಿದ ತಾಂಬೂಲವನ್ನು ಮಾತ್ರ ಅರ್ಬುದಕಾರಕವೆಂದು ಘೋಷಿಸಿ, ಹೊಗೆಸೊಪ್ಪಿಲ್ಲದ ತಾಂಬೂಲದ ವಿಷಯದಲ್ಲಿ ಸಾಕ್ಷ್ಯ ಸಾಲದೆಂದು ಹೇಳಿತು. ಹೊಗೆಸೊಪ್ಪು ಸೇರಿಸದೆ ಅಡಿಕೆ ಜಗಿಯುವ ತೈವಾನಿನಂಥ ನಾಡುಗಳಿಂದಲೂ ಸಾಕ್ಷ್ಯ ಬಂದ ಮೇಲೆ, 2003ರಲ್ಲಿ ಸೇರಿದ ತಜ್ಞರ ಮಂಡಳಿ ಅಡಿಕೆಯನ್ನೇ ಮನುಷ್ಯರಿಗೆ ಅರ್ಬುದಕಾರಕವಾದ ಪದಾರ್ಥಗಳ ಮೊದಲನೆಯ ಗುಂಪಿಗೆ ಸೇರಿಸಿತು. ವರದಿ 2004ರಲ್ಲಿ ಪ್ರಕಟವಾಯಿತು. ಅದೇ ವಿಭಾಗದವರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2022ರಲ್ಲಿ ಲೋಕದಲ್ಲಿ ಗುರುತಿಸಲಾದ 3,89,800 ಬಾಯಿಯ ಅರ್ಬುದಗಳಲ್ಲಿ 1,20,200ಕ್ಕೆ ಹೊಗೆಯಿಲ್ಲದ ತಂಬಾಕು ಅಥವಾ ಅಡಿಕೆ ಕಾರಣ. ಅವುಗಳಲ್ಲಿ 83,400 ನಮ್ಮ ದೇಶದವು.

ಈ ತೀರ್ಮಾನ ಪುತ್ತೂರು ಸೀಮೆಯ ಮನೆಗಳಲ್ಲಿ ನೋವನ್ನೂ ಕೋಪವನ್ನೂ ಉಂಟುಮಾಡಿದುದು ಸಹಜವೇ. ಎಪ್ಪತ್ತರ ದಶಕದ ಆರಂಭದಲ್ಲಿ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ 1973ರಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆ ಹುಟ್ಟಿತು. ತೋಟದ ಎಡೆಬೆಳೆಯಾದ ಕೊಕ್ಕೊಗೆ ನೆಲೆ ಕಾಣಿಸಲು ಅದು 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಸುಳ್ಯದ ಸಂಪಾಜೆ ಭಾಗದ ತೋಟಗಳನ್ನು ಹಳದಿ ಎಲೆ ರೋಗ ಹಣಿದುಹಾಕಿದೆ. ಅಡಿಕೆ ಬಿಟ್ಟರೆ ಬದುಕೇನು ಎಂದು ಕೇಳುವವನಿಗೆ ವಿಜ್ಞಾನದ ವರದಿಯನ್ನು ಓದಿ ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಹಾಗೆಯೇ ಬೆಳೆಗಾರನ ಕಷ್ಟವನ್ನು ಮುಂದಿಟ್ಟು ಗಾಜಿನ ಪಟ್ಟಿಯ ಮೇಲಿನ ಸಾಕ್ಷ್ಯವನ್ನು ಸುಳ್ಳೆನ್ನುವುದೂ ಸರಿಯಲ್ಲ. ಹಿರಿಯರು ಊಟದ ಬಳಿಕ ಎಲೆಯೊಡನೆ ಒಂದು ಹೋಳು ಮೆಲ್ಲುತ್ತಿದ್ದುದಕ್ಕೂ, ಎಳೆಯರು ಬೆಳಗಿನಿಂದ ರಾತ್ರಿಯವರೆಗೆ ಪೊಟ್ಟಣದ ಅಡಿಕೆಪುಡಿಯನ್ನು ಕೆನ್ನೆಯಲ್ಲಿ ಒತ್ತರಿಸಿಕೊಳ್ಳುವುದಕ್ಕೂ ಪ್ರಮಾಣದಲ್ಲಿ ಅಜಗಜಾಂತರವಿದೆ. ಪೊಟ್ಟಣದ ಪದಾರ್ಥಗಳು ಬಂದ ಮೇಲೆ ಬಾಯಿ ಬಿಗಿಯುವ ರೋಗ ತರುಣರಿಗೆ ಇಳಿದು ಬಂದಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾವನ್ನು ನಿಷೇಧಿಸಲಾಯಿತು. ಅಡಿಕೆಯ ಪೊಟ್ಟಣವೂ ಹೊಗೆಸೊಪ್ಪಿನ ಪೊಟ್ಟಣವೂ ಬೇರೆಬೇರೆಯಾಗಿ ಮಾರಾಟವಾಗತೊಡಗಿದುವು. ಕಾನೂನಿನ ಕಣ್ಣಿಗೆ ಎರಡಾದುದು ಬಾಯಿಯೊಳಗೆ ಹೋದೊಡನೆ ಒಂದೇ ಆಗುತ್ತದೆ.

ಕರಾವಳಿಯಲ್ಲಿ ಈ ಪರೀಕ್ಷೆಯ ಅನುಕೂಲ ಒದಗಿದುದು ನಿಧಾನವಾಗಿ. 1953ರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾಯಿತು. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯೂ ಅದರ ಶಿಕ್ಷಣಕ್ಷೇತ್ರವಾಯಿತು. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ಬಂದಿತು. ಆದರೂ ಸುಳ್ಯದ ರೋಗಿಯ ಚೂರು ಗಾಜಿನ ಪಟ್ಟಿಯನ್ನು ಸೇರಬೇಕಾದರೆ ಸುಮಾರು 85 ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗಬೇಕಾಗಿದ್ದಿತು. ಒಂದು ದಿನದ ಕೂಲಿಯನ್ನೂ ಬಸ್ಸಿನ ದುಡ್ಡನ್ನೂ ಲೆಕ್ಕ ಹಾಕುವ ಬಡವನಿಗೆ ಆ ದೂರ ಎಷ್ಟೆಂಬುದು ಊಹೆಗೆ ಬಿಟ್ಟುದು. ಸುಳ್ಯದಲ್ಲಿ ಕುರುಂಜಿ ವೆಂಕಟ್ರಮಣ ಗೌಡರು ಕಟ್ಟಿದ ವಿದ್ಯಾಸಂಸ್ಥೆಗಳ ಸಾಲಿನಲ್ಲಿ ದಂತವೈದ್ಯಕೀಯ ಕಾಲೇಜೂ, 2002ರಲ್ಲಿ ವೈದ್ಯಕೀಯ ಕಾಲೇಜೂ ಬಂದ ಮೇಲೆ ರೋಗಶಾಸ್ತ್ರ ವಿಭಾಗವೇ ಘಟ್ಟದ ಬುಡಕ್ಕೆ ಬಂದಂತಾಯಿತು. ಅಡಿಕೆಯ ನಡುವೆಯೇ ಬಾಯಿಯ ರೋಗವನ್ನು ಅಭ್ಯಸಿಸುವ ವಿದ್ಯಾರ್ಥಿಗಳಿರುವುದು ಈ ನಾಡಿನ ಭಾಗ್ಯವೆನ್ನಬೇಕು.

ವರದಿ ಕೈಗೆ ಬಂದಾಗ ಜನ ಎಡವುವುದು ಎರಡು ಶಬ್ದಗಳಲ್ಲಿ: ದರ್ಜೆ ಮತ್ತು ಹಂತ, ಎಂದರೆ ಗ್ರೇಡ್ ಮತ್ತು ಸ್ಟೇಜ್. ದರ್ಜೆ ಕೋಶದ ಸ್ವಭಾವ. ಹಂತ ರೋಗ ಎಷ್ಟು ದೂರ ಹರಡಿದೆ ಎಂಬುದರ ಅಳತೆ. ಮೂರನೆಯ ದರ್ಜೆಯೆಂದು ಓದಿ, ಮೂರನೆಯ ಹಂತಕ್ಕೆ ಹೋಯಿತೆಂದು ತಿಳಿದು ಚಿಕಿತ್ಸೆಯನ್ನೇ ಕೈಬಿಡುವವರಿದ್ದಾರೆ. ಚಿಕ್ಕದಾಗಿದ್ದು ಹರಡದಿರುವ ಗೆಡ್ಡೆಯೂ ಮೂರನೆಯ ದರ್ಜೆಯದಾಗಿರಬಹುದು. ಅದನ್ನು ಬೇಗ ತೆಗೆದರೆ ರೋಗಿ ಉಳಿಯುವ ಆಸೆ ಹೆಚ್ಚು. ಬ್ರಾಡರ್ಸ್ ಅವರ ದರ್ಜೆ ಬಾಯಿಯ ಅರ್ಬುದದಲ್ಲಿ ಮುಂದಿನ ಗತಿಯನ್ನು ನಿಖರವಾಗಿ ಹೇಳಲಾರದೆಂಬುದೂ ಕಾಲಕ್ರಮದಲ್ಲಿ ತಿಳಿದುಬಂದಿದೆ. ಹೆಚ್ಚಿನ ಗೆಡ್ಡೆಗಳು ನಡುವಣ ದರ್ಜೆಯಲ್ಲಿಯೇ ಬಂದು ಸೇರುತ್ತವೆ. 1989ರಲ್ಲಿ ನಾರ್ವೆಯ ಮಾಗ್ನೆ ಬ್ರೈನೆ ಮತ್ತು ಸಂಗಡಿಗರು, ಗೆಡ್ಡೆಯ ನಡುಭಾಗಕ್ಕಿಂತ ಅದು ಒಳನುಗ್ಗುತ್ತಿರುವ ಅಂಚನ್ನು ನೋಡಬೇಕೆಂದು ತೋರಿಸಿದರು. ದಂಡಿನ ಸ್ವಭಾವ ತಿಳಿಯಬೇಕಾದರೆ ಪಾಳೆಯವನ್ನಲ್ಲ, ಮುಂಚೂಣಿಯನ್ನು ನೋಡಬೇಕು ತಾನೆ? 2018ರಿಂದ ಜಾರಿಗೆ ಬಂದ ಹಂತನಿರ್ಣಯದ ಕ್ರಮದಲ್ಲಿ ಗೆಡ್ಡೆಯ ಅಗಲದ ಜೊತೆಗೆ ಅದು ಇಳಿದ ಆಳವೂ ಸೇರಿದೆ; ಐದು ಮಿಲಿಮೀಟರ್ ಮತ್ತು ಹತ್ತು ಮಿಲಿಮೀಟರ್ ಅಲ್ಲಿಯ ಗಡಿಗಳು. ಆ ಆಳವನ್ನು ಅಳೆಯುವವನೂ ಸೂಕ್ಷ್ಮದರ್ಶಕದ ಮುಂದೆ ಕುಳಿತ ರೋಗಶಾಸ್ತ್ರಜ್ಞನೇ.

ಅರ್ಬುದವಾಗುವ ಮೊದಲಿನ ಪೊರೆಯ ಅಸ್ತವ್ಯಸ್ತತೆಯನ್ನೂ ಅಲ್ಪ, ಮಧ್ಯಮ, ತೀವ್ರ ಎಂದು ಮೂರಾಗಿ ವಿಂಗಡಿಸುವುದುಂಟು. ಇಲ್ಲಿ ಮಾತ್ರ ಇಬ್ಬರು ತಜ್ಞರು ಒಂದೇ ಪಟ್ಟಿಯನ್ನು ನೋಡಿ ಬೇರೆಬೇರೆ ಮಾತು ಹೇಳುವುದು ಅಪರೂಪವಲ್ಲ. ಇದರಿಂದ ಶಾಸ್ತ್ರವೇ ಸುಳ್ಳೆಂದು ಭಾವಿಸಬೇಕಾಗಿಲ್ಲ. ಬೆಳಗು ಯಾವಾಗ ಆಯಿತೆಂದು ಕೇಳಿದರೆ ಇಬ್ಬರು ಎರಡು ಗಳಿಗೆ ಹೇಳುತ್ತಾರೆ, ಬೆಳಗಾದುದಂತೂ ನಿಜ. ಅನುಮಾನವಿದ್ದರೆ ಇನ್ನೊಬ್ಬರಿಂದ ಓದಿಸಲು ರೋಗಿಗೆ ಅಧಿಕಾರವಿದೆ.

ಗೆಡ್ಡೆಗೆ ಕತ್ತಿ ತಾಗಿಸಿದರೆ ಅದು ಮೈಯೆಲ್ಲ ಹರಡುತ್ತದೆ ಎಂಬ ಭಯ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಈ ಭಯದಿಂದ ತಿಂಗಳುಗಟ್ಟಲೆ ಲೇಪ ಹಚ್ಚುತ್ತ ಕುಳಿತವರು ಕೊನೆಗೆ ಆಸ್ಪತ್ರೆಗೆ ಬಂದಾಗ ರೋಗ ಹರಡಿರುತ್ತದೆ. ದೂರು ಕತ್ತಿಯ ಮೇಲೆ ಬೀಳುತ್ತದೆ. ಬಾಯಿಯಲ್ಲಿ ಮೂರು ವಾರ ಕಳೆದರೂ ಮಾಯದ ಹುಣ್ಣು, ಉಜ್ಜಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯುವಾಗಿನ ಬಿಗಿತ, ಕುತ್ತಿಗೆಯಲ್ಲಿ ಗಂಟು ಇವು ಕಂಡರೆ ಮರಗಟ್ಟಿಸುವ ಸೂಜಿ ಕೊಟ್ಟು ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಚೂರು ತೆಗೆಯುತ್ತಾರೆ. ಕೆಲವೇ ದಿನಗಳಲ್ಲಿ ವರದಿ ಬರುತ್ತದೆ. ವರದಿಯ ಹಾಳೆ ಮಾತ್ರವಲ್ಲ, ಗಾಜಿನ ಪಟ್ಟಿಯೂ ಮೇಣದ ಅಚ್ಚೂ ರೋಗಶಾಸ್ತ್ರ ವಿಭಾಗದಲ್ಲಿ ಸಂಖ್ಯೆ ಹಾಕಿ ಇಟ್ಟಿರುತ್ತವೆ. ದೊಡ್ಡ ಆಸ್ಪತ್ರೆಗೆ ಹೋಗುವವರು ಅವನ್ನು ಕೇಳಿ ಪಡೆದು ಜೊತೆಯಲ್ಲಿ ಕೊಂಡೊಯ್ಯಬೇಕು. ಹಾಗೆ ಮಾಡಿದರೆ ಎರಡನೆಯ ಸಲ ಚೂರು ತೆಗೆಸಿಕೊಳ್ಳುವ ಪ್ರಮೇಯ ಅನೇಕ ವೇಳೆ ಬರುವುದಿಲ್ಲ. ಸರಿಯಾಗಿ ಕಾಪಾಡಿದ ಅಚ್ಚು ಹತ್ತಾರು ವರ್ಷ ಕೆಡದೆ ಉಳಿಯುತ್ತದೆ. ಹೊಸ ಪರೀಕ್ಷೆ ಬಂದಾಗ ಅದರಿಂದಲೇ ಇನ್ನೊಂದು ತೆಳುಹಾಳೆಯನ್ನು ಕೊಯ್ದು ನೋಡುತ್ತಾರೆ.